ಆಗುಂಬೆಯಲ್ಲಿ ಬಿದ್ದ ಅನ್ಯಲೋಕದ ಪರಾವಲಂಬಿ ಹರಡೋದು ಹೇಗೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಬಿ.ಎಸ್ಸಿ. ವಿದ್ಯಾರ್ಥಿ. ಒಂದು ಕಾದಂಬರಿ ಬರೆಯುತ್ತಿದ್ದೇನೆ. ಆಗುಂಬೆ ಕಾಡಿನಲ್ಲಿ ಉಲ್ಕೆ ಬೀಳುತ್ತದೆ. ಅದರೊಳಗೆ ಬೇರೆ ಲೋಕದ ಪರಾವಲಂಬಿ ಜೀವಿ ಇರುತ್ತದೆ. ಅದು ಜನರ ಮಿದುಳಿಗೆ ಹೊಕ್ಕು ಅವರನ್ನು ಕುಣಿಸುತ್ತದೆ, ಒಂದೇ ವಾರದಲ್ಲಿ ಇಡೀ ಶಿವಮೊಗ್ಗ ಜಿಲ್ಲೆಗೆ ಹರಡುತ್ತದೆ. ಓದಿದ ಗೆಳೆಯರು "ಇದು ನಂಬೋ ಹಾಗಿಲ್ಲ ಮಾರಾಯ" ಅಂತಾರೆ. ಈ ಜೀವಿಯನ್ನು ಹೇಗೆ ಕಟ್ಟಿದರೆ ನಂಬಬಹುದು?

ಉತ್ತರ: ನಿಮ್ಮ ಗೆಳೆಯರ ಮಾತು ಸರಿ. ಆದರೆ ಉಲ್ಕೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕಥೆ ಅಂದಮೇಲೆ ಅಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಅವರಿಗೆ ಒಪ್ಪಿಗೆಯಾಗದೆ ಉಳಿದಿರೋದು ಒಂದೇ: ಆ ಜೀವಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗೋದು ಹೇಗೆ? ನೀವು ಅದಕ್ಕೆ ಮಿದುಳು ಹಿಡಿಯುವ ಶಕ್ತಿ ಕೊಟ್ಟಿದ್ದೀರಿ, ಓಡಾಡೋಕೆ ದಾರಿ ಕೊಟ್ಟಿಲ್ಲ.

ಪರಾವಲಂಬಿಗಳ ಪಾಠ ಮಾಡುವಾಗ ನಾನು ಹುಡುಗರಿಗೆ ಕೇಳೋದು ಮೂರು ಪ್ರಶ್ನೆ. ಒಳಗೆ ಹೋಗೋದು ಹೇಗೆ? ಒಳಗೆ ತಿನ್ನೋದೇನು? ಹೊರಗೆ ಬರೋದು ಹೇಗೆ? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಅದು ಹೊಕ್ಕ ಮೈಯಲ್ಲೇ ಸಾಯುತ್ತೆ, ಅಲ್ಲಿಗೆ ನಿಮ್ಮ ಕಾದಂಬರಿ ಎರಡನೇ ಅಧ್ಯಾಯಕ್ಕೇ ಮುಗೀತು.

ನಮ್ಮ ಜಿಲ್ಲೆಯವರಿಗೆ ಇದನ್ನು ಅರ್ಥ ಮಾಡಿಸೋಕೆ ದೂರ ಹೋಗಬೇಕಿಲ್ಲ. ಮಂಗನ ಕಾಯಿಲೆಯನ್ನು ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಕಾರಣ ಒಂದು ವೈರಸ್. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ, ಯಾರ ಮಿದುಳನ್ನೂ ಅದು ಕುಣಿಸೋದಿಲ್ಲ. ಪ್ರಾಣಿಗಳ ರಕ್ತ ಹೀರುವ ಉಣುಗು ಅದನ್ನು ಹೊತ್ತು ತಿರುಗುತ್ತೆ. ಸೋಂಕು ತಗುಲಿದ ಮಂಗ ಮರದಿಂದ ಬಿದ್ದು ಸತ್ತಾಗ, ಅದರ ಮೈ ತಣ್ಣಗಾಗುತ್ತಾ ಬಂದ ಹಾಗೆ ಉಣುಗುಗಳು ಅದನ್ನು ಬಿಟ್ಟು ಸುತ್ತಲಿನ ದರಗೆಲೆಗೆ ಇಳಿಯುತ್ತವೆ. ಆ ಹತ್ತಾರು ಅಡಿ ಜಾಗ ವೈರಸ್ಸಿನ ಕಣಜವಾಗುತ್ತೆ. ಆಮೇಲೆ ಅಲ್ಲಿಗೆ ಯಾರು ಬರ್ತಾರೆ? ಸೌದೆಗೆ ಬರುವವರು, ಕೊಟ್ಟಿಗೆಗೆ ದರಗು ಗುಡಿಸುವವರು, ಮೇಯೋಕೆ ಬಿಟ್ಟ ದನ. ನಮ್ಮ ದಿನದ ಕೆಲಸವೇ ಅದಕ್ಕೆ ದಾರಿ. ಹಾಗಿದ್ದೂ ಅದು ಕರ್ನಾಟಕ ದಾಟೋಕೆ ಅರ್ಧ ಶತಮಾನಕ್ಕಿಂತ ಜಾಸ್ತಿ ತೆಗೆದುಕೊಂಡಿತು. ಕೇರಳ, ತಮಿಳುನಾಡು, ಗೋವಾ, ಮಹಾರಾಷ್ಟ್ರಗಳಲ್ಲಿ ಜನರಿಗೆ ತಗುಲಿದ ಸುದ್ದಿ ಬಂದಿದ್ದು 2012ರ ನಂತರ. ಮನುಷ್ಯನಿಂದ ಮನುಷ್ಯನಿಗೆ ಅದು ಹರಡೋದಿಲ್ಲ ಅನ್ನೋದೇ ಮುಖ್ಯ ಕಾರಣ. ವೈರಸ್ಸಿನ ಲೆಕ್ಕದಲ್ಲಿ ನಾವು ಮುಂದೆ ರಸ್ತೆ ಇಲ್ಲದ ಕೊನೆಯ ಸ್ಟಾಪು. ಹೀಗಿರುವಾಗ "ಒಂದು ವಾರ" ಅನ್ನೋದನ್ನು ಮೊದಲು ಹೊಡೆದುಹಾಕಿ.

ಈಗ ನಿಮ್ಮ ಜೀವಿಗೆ ಬರೋಣ. ಕಲ್ಲಿನೊಳಗೆ ಬದುಕಿ ಬರೋದು ದೊಡ್ಡ ತೊಂದರೆ ಅಲ್ಲ. ಉಲ್ಕೆ ಉರಿಯೋದು ಕೆಲವೇ ಸೆಕೆಂಡು. ಹೊರಮೈ ಕರಗಿ ತೆಳು ಕಪ್ಪು ಸಿಪ್ಪೆ ಕಟ್ಟುತ್ತೆ, ಕಲ್ಲು ದೊಡ್ಡದಿದ್ದರೆ ಒಳಗೆ ತಣ್ಣಗೇ ಇರುತ್ತೆ. ಜಪಾನಿನ ವಿಜ್ಞಾನಿಗಳು ಡೈನೋಕಾಕಸ್ ಅನ್ನೋ ಬ್ಯಾಕ್ಟೀರಿಯಾವನ್ನು ಒಣಗಿಸಿ ಬಾಹ್ಯಾಕಾಶ ನಿಲ್ದಾಣದ ಹೊರಗೆ 3 ವರ್ಷ ಇಟ್ಟಿದ್ದರು. ಮೇಲಿನ ಪದರ ಸತ್ತಿತ್ತು, ಅದರ ಮರೆಯಲ್ಲಿದ್ದವು ಬದುಕಿದ್ದವು. ಇಷ್ಟು ಸಾಕು, ಮುಂದೆ ಹೋಗಿ.

ನಿಜವಾದ ತೊಡಕು ಎರಡನೇ ಪ್ರಶ್ನೆಯಲ್ಲಿದೆ: ಬೇರೆ ಲೋಕದ ಜೀವಿ ನಮ್ಮನ್ನು ತಿನ್ನೋದು ಹೇಗೆ? ಹೆಚ್ಚಿನ ಕಥೆಗಾರರು ಇಲ್ಲಿ ಕಣ್ಣು ಮುಚ್ಚಿ ದಾಟಿಬಿಡ್ತಾರೆ. ಅದನ್ನು ವೈರಸ್ ಅಂತ ಮಾಡೋ ಹಾಗೇ ಇಲ್ಲ. ವೈರಸ್ಸಿಗೆ ಸ್ವಂತ ಕಾರ್ಖಾನೆ ಇಲ್ಲ, ನಮ್ಮ ಜೀವಕೋಶದ ಯಂತ್ರಕ್ಕೆ ಅರ್ಥವಾಗುವ ಲಿಪಿಯಲ್ಲೇ ಅದು ಬರೆದಿರಬೇಕು. ಬೇರೆಲ್ಲೋ ಹುಟ್ಟಿದ್ದಕ್ಕೆ ಆ ಲಿಪಿ ಗೊತ್ತಿರೋದಿಲ್ಲ. ಸ್ವಂತವಾಗಿ ತಿಂದು ಬೆಳೆಯುವ, ಬೂಷ್ಟಿನಂಥ ಜೀವಿ ಆದರೆ ನಡೆಯುತ್ತೆ.

ಆದರೆ ಅದಕ್ಕೂ ಊಟದ ಸಮಸ್ಯೆ ಇದೆ. ಭೂಮಿಯ ಜೀವಿಗಳ ಪ್ರೋಟೀನುಗಳೆಲ್ಲ ಎಡಗೈ ಬಗೆಯ ಅಮೈನೋ ಆಮ್ಲಗಳಿಂದ ಆಗಿವೆ, ಸಕ್ಕರೆಗಳು ಬಲಗೈ ಬಗೆಯವು. ಒಂದೇ ಅಣುವಿನ ಎರಡು ರೂಪ, ಕನ್ನಡಿಯಲ್ಲಿ ಕಂಡ ಹಾಗೆ. ಬೇರೆ ಕಡೆ ಇದು ತಿರುಗುಮುರುಗು ಆಗಿರಬಹುದು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಎಡ, ಬಲ ಎರಡೂ ಬಗೆಯ ಅಮೈನೋ ಆಮ್ಲಗಳು ಸಿಕ್ಕಿವೆ. ನಿಮ್ಮ ಜೀವಿ ಉಲ್ಟಾ ಬಗೆಯದು ಅಂತ ಇಟ್ಟುಕೊಳ್ಳಿ. ನಮ್ಮ ಮಾಂಸ ಅದರ ಬಾಯಿಗೆ ಹಿಡಿಸೋದಿಲ್ಲ. ನಮ್ಮ ಸಕ್ಕರೆಯೂ ಅಷ್ಟೆ.

ಹಾಗಾದರೆ ಏನು ತಿನ್ನುತ್ತೆ? ಕೊಬ್ಬು! ಕೊಬ್ಬನ್ನು ಒಡೆದಾಗ ಸಿಗುವ ಕೊಬ್ಬಿನಾಮ್ಲಗಳಿಗೆ, ಗ್ಲಿಸರಾಲಿಗೆ ಸಾಮಾನ್ಯವಾಗಿ ಎಡ-ಬಲ ಅನ್ನೋದೇ ಇಲ್ಲ. ಯಾವ ಲೋಕದವನಾದರೂ ತಿನ್ನಬಹುದು. ಒಡೆಯುವ ಕೆಲಸವನ್ನೂ ಅದು ಮಾಡಬೇಕಿಲ್ಲ, ನಮ್ಮ ದೇಹವೇ ಹಸಿದಾಗಲೆಲ್ಲ ಕೊಬ್ಬು ಒಡೆದು ರಕ್ತಕ್ಕೆ ಬಿಡುತ್ತೆ. ಸಾರಜನಕ ಬೇಕಲ್ಲ ಅಂದರೆ ಅಮೋನಿಯಾ ಇದೆ, ಯೂರಿಯಾ ಇದೆ. ಅವಕ್ಕೂ ಎಡ-ಬಲ ಇಲ್ಲ. ಇಂಥ ಕನ್ನಡಿ ಬ್ಯಾಕ್ಟೀರಿಯಾಗಳನ್ನು ಲ್ಯಾಬಿನಲ್ಲಿ ಮಾಡೋಕೆ ಹೋಗಬೇಡಿ ಅಂತ 2024ರ ಡಿಸೆಂಬರಿನಲ್ಲಿ 38 ವಿಜ್ಞಾನಿಗಳು ಸೈನ್ಸ್ ಪತ್ರಿಕೆಯಲ್ಲಿ ಎಚ್ಚರಿಸಿದ್ದರು. ಅಂದರೆ ನಿಮ್ಮ ಕಥೆಯ ಬೇರು ತೀರಾ ಗಾಳಿಯಲ್ಲಿಲ್ಲ.

ಆ ವಿಜ್ಞಾನಿಗಳ ಭಯಕ್ಕೆ ಒಂದು ಕಾರಣ ನಿಮಗೂ ಬೇಕಾಗುತ್ತೆ. ನಮ್ಮ ದೇಹದ ಕಾವಲುಗಾರರು ಶತ್ರುವಿನ ಪ್ರೋಟೀನನ್ನು ಕತ್ತರಿಸಿ, ಚೂರುಗಳನ್ನು ಒಬ್ಬರಿಗೊಬ್ಬರು ತೋರಿಸಿ ಯುದ್ಧಕ್ಕೆ ಇಳಿಯುತ್ತಾರೆ. ಉಲ್ಟಾ ಪ್ರೋಟೀನನ್ನು ನಮ್ಮ ಕತ್ತರಿ ಕತ್ತರಿಸೋದಿಲ್ಲ. ಹಾಗಾಗಿ ಎಚ್ಚರಿಕೆಯ ಗಂಟೆ ಸರಿಯಾಗಿ ಬಾರಿಸದೆ ಹೋಗಬಹುದು. ಕಥೆಗೆ ಇದು ಬಂಗಾರ. ನಮ್ಮ ಕಡೆ ಆಸ್ಪತ್ರೆಗಳಲ್ಲಿ ಮೊದಲು ಕೇಳೋದೇ "ಜ್ವರ ಇದೆಯಾ?" ಅಂತ. ಮಂಗನ ಕಾಯಿಲೆ, ಇಲಿ ಜ್ವರ, ಡೆಂಗಿ, ಎಲ್ಲಕ್ಕೂ ಜ್ವರ ಇದೆ. ನಿಮ್ಮ ರೋಗಕ್ಕೆ ಜ್ವರವೇ ಇಲ್ಲ. ಸುಮ್ನೆ ಸೊರಗುತ್ತಾ ಹೋಗುತ್ತಾರೆ.

ಸರಿ, ಕೊಬ್ಬು ತಿನ್ನುವ ಜೀವಿ ಆಗುಂಬೆಯ ಕಾಡಿನಲ್ಲಿ ಬಿದ್ದಿದೆ. ಅಲ್ಲಿ ಕೊಬ್ಬು ಎಲ್ಲಿದೆ? ನೀವು ತಕ್ಷಣ ಮನುಷ್ಯನ ಹೊಟ್ಟೆ ನೋಡುತ್ತೀರಿ. ನಾನಾಗಿದ್ದರೆ ಒರಲೆ ಹುತ್ತ ನೋಡುತ್ತೇನೆ.

ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಮೊದಲ ಒಂದೆರಡು ಜೋರು ಮಳೆ ಬಿದ್ದು ಸಂಜೆ ಹೊಳವಾದಾಗ ಹುತ್ತದ ಬುಡದಲ್ಲಿ, ಅಂಗಳದ ಮೂಲೆಯಲ್ಲಿ, ಸಣ್ಣ ಸೀಳುಗಳು ತೆರೆಯುತ್ತವೆ. ಮೊದಲು ಕೆಲಸದ ಒರಲೆಗಳು ತಲೆ ಹಾಕಿ ನೋಡುತ್ತವೆ, ಸೈನಿಕರು ಸೀಳಿನ ಎರಡೂ ಕಡೆ ನಿಲ್ಲುತ್ತಾರೆ. ಆಮೇಲೆ ರೆಕ್ಕೆಯವು ನೂಕುನುಗ್ಗಲಾಗಿ ಹೊರಗೆ ಬಂದು ಹಾರುತ್ತವೆ. ಅರ್ಧ ಗಂಟೆಯಲ್ಲಿ ಜಗಲಿಯ ಟ್ಯೂಬ್‌ಲೈಟ್ ಸುತ್ತ ಮಳೆಹಾತೆಗಳ ಜಾತ್ರೆ. ಕೆಳಗೆ ಬಿದ್ದದ್ದು ಮೈ ತಿರುಚಿ ನಾಲ್ಕೂ ರೆಕ್ಕೆ ಉದುರಿಸುತ್ತೆ, ಗಂಡು ಹೆಣ್ಣಿನ ಬೆನ್ನು ಹಿಡಿದು ಸಾಲಾಗಿ ನಡೆದು ಮಣ್ಣು ಹುಡುಕುತ್ತೆ. ಆ ಜೋಡಿ ಹೊಸ ಗೂಡು ಕಟ್ಟಿ, ಮೊದಲ ಮರಿಗಳು ಕೆಲಸಕ್ಕೆ ಬರುವ ತನಕ ಹೊರಗೆ ಬಂದು ತಿನ್ನೋದಿಲ್ಲ. ಅಷ್ಟು ದಿನಕ್ಕೆ ಬೇಕಾದ ಬುತ್ತಿಯನ್ನು ಮೈಯಲ್ಲೇ ಕೊಬ್ಬಾಗಿ ತುಂಬಿಕೊಂಡು ಬಂದಿರುತ್ತೆ. ಬೇರೆ ಒರಲೆಗಳಿಗಿಂತ ಹಾತೆಯಲ್ಲಿ ಕೊಬ್ಬು ಅಷ್ಟು ಜಾಸ್ತಿ ಇರೋದು ಇದಕ್ಕೇ.

ನಿಮ್ಮ ಪರಾವಲಂಬಿ ಆ ಬುತ್ತಿಯೊಳಗೆ ಕೂತಿದೆ ಅಂದುಕೊಳ್ಳಿ. ಅದು ಹಾರಬೇಕಿಲ್ಲ, ಹೊತ್ತು ಹಾರುವವರು ಇದ್ದಾರೆ. ಯಾವಾಗ ಹೊರಡಬೇಕು ಅಂತ ಲೆಕ್ಕ ಹಾಕಬೇಕಿಲ್ಲ, ಮಳೆಯೇ ಸುತ್ತಲಿನ ಹುತ್ತಗಳನ್ನು ಒಂದೇ ಸಂಜೆ ಎಬ್ಬಿಸುತ್ತೆ. ಹಾತೆಗಳಲ್ಲಿ ಗೂಡು ಕಟ್ಟೋ ತನಕ ಉಳಿಯುವವು ಬೆರಳೆಣಿಕೆ, ಮಿಕ್ಕವೆಲ್ಲ ಯಾರದೋ ಬಾಯಿಗೆ. ಹಲ್ಲಿ, ಕಪ್ಪೆ, ಕಾಜಾಣ, ಕಾಗೆ, ಬೆಳಗಾದರೆ ಅಂಗಳದ ಕೋಳಿಗಳು. ಒರಲೆಗೆ ಇದು ನಷ್ಟ. ಪರಾವಲಂಬಿಗೆ ಇದೇ ಬಸ್ಸು ಬದಲಿಸುವ ಜಾಗ. ಹಕ್ಕಿಯ ಹೊಟ್ಟೆಗೆ ಹೋದದ್ದು ಗಟ್ಟಿ ಚಿಪ್ಪಿನ ಬೀಜವಾಗಿ ಹಿಕ್ಕೆಯಲ್ಲಿ ಹೊರಗೆ ಬರುತ್ತೆ. ಹಿಕ್ಕೆ ದರಗೆಲೆಯ ಮೇಲೆ ಬೀಳುತ್ತೆ. ದರಗೆಲೆಯನ್ನೂ ಒಣ ಸಗಣಿಯನ್ನೂ ತಿನ್ನೋದು ಯಾರು? ಮತ್ತೆ ಒರಲೆಯೇ. ಚಕ್ರ ಮುಚ್ಚಿತು, ನಿಮ್ಮ ಮೂರನೇ ಪ್ರಶ್ನೆಗೂ ಉತ್ತರ ಸಿಕ್ಕಿತು.

ಇದು ನನ್ನ ಕಲ್ಪನೆ ಅಂತ ಅನುಮಾನ ಬೇಡ. ಕುರಿ, ದನಗಳ ಪಿತ್ತನಾಳಗಳಲ್ಲಿರುವ ಡೈಕ್ರೊಸೀಲಿಯಮ್ ಅನ್ನೋ ಚಪ್ಪಟೆ ಹುಳು ಹೆಚ್ಚುಕಮ್ಮಿ ಹೀಗೇ ಬದುಕುತ್ತೆ. ಸಗಣಿಯಲ್ಲಿ ಮೊಟ್ಟೆ, ಅದನ್ನು ತಿಂದ ಬಸವನಹುಳು, ಅದರ ಲೋಳೆಯುಂಡೆ ತಿಂದ ಇರುವೆ, ಆ ಇರುವೆ ಸಂಜೆ ತಂಪಾದಾಗ ಹುಲ್ಲಿನ ತುದಿ ಹತ್ತಿ ಕಚ್ಚಿಕೊಂಡು ಕೂರುತ್ತೆ, ಹುಲ್ಲಿನ ಜೊತೆ ದನದ ಹೊಟ್ಟೆಗೆ. ಬಿಸಿಲೇರಿದರೆ ಇರುವೆ ಇಳಿದು ಮಾಮೂಲಿ ಕೆಲಸಕ್ಕೆ ಹೋಗುತ್ತೆ, ಬಿಸಿಲಿಗೆ ಒಣಗಿ ಸತ್ತರೆ ಹುಳುವಿಗೇ ನಷ್ಟ ಅಲ್ವಾ?

ಇರುವೆಯ ಮಾತು ಬಂತು, ನಿಮ್ಮ ಪ್ರೀತಿಯ ಮಿದುಳಿನ ವಿಷಯಕ್ಕೆ ಬರುತ್ತೇನೆ. ನಿಜ ಲೋಕದಲ್ಲಿ ಮಿದುಳು ಕೆಡಿಸುವವರು ಇದ್ದಾರೆ. ಟಾಕ್ಸೊಪ್ಲಾಸ್ಮಾ ಹೊಕ್ಕ ಇಲಿಗೆ ಬೆಕ್ಕಿನ ಉಚ್ಚೆಯ ವಾಸನೆಯ ಭಯ ಕಡಿಮೆಯಾಗುತ್ತೆ. ಕೂದಲಿನಷ್ಟು ತೆಳುವಾದ, ಗೇಣುದ್ದದ ಹುಳುವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ ಮಿಡತೆ ಸೀದಾ ಹೋಗಿ ನೀರಿಗೆ ಹಾರುತ್ತೆ, ಹುಳು ಹಿಂಬದಿಯಿಂದ ಸುರುಳಿ ಬಿಚ್ಚಿಕೊಂಡು ಹೊರಗೆ ಬರುತ್ತೆ. ಆದರೆ ಇವೆಲ್ಲ ಲಕ್ಷಾಂತರ ವರ್ಷ ತಮಗೆ ಜಾಗ ಕೊಟ್ಟ ಆತಿಥೇಯ ಪ್ರಾಣಿಗಳ ಜೊತೆ ಬೆಳೆದವು. ಟಾಕ್ಸೊಪ್ಲಾಸ್ಮಾಕ್ಕೆ ಪೂರ್ತಿ ಸಂಸಾರ ಮಾಡೋಕೆ ಬೆಕ್ಕಿನ ಜಾತಿಯ ಕರುಳೇ ಬೇಕು, ಬೇರೆ ಯಾವ ಪ್ರಾಣಿಯದೂ ಆಗೋದಿಲ್ಲ. ಇಲ್ಲೇ ಹುಟ್ಟಿದ್ದಕ್ಕೆ ಇಷ್ಟು ಪಥ್ಯ. ನಿನ್ನೆ ಬಿದ್ದ ಅನ್ಯಲೋಕದವನಿಗೆ ಮನುಷ್ಯನ ಮಿದುಳಿನ ತಂತಿ ಯಾವುದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿರುತ್ತೆ ಅನ್ನೋದನ್ನು ನಾನಂತೂ ಒಪ್ಪೋದಿಲ್ಲ. ಅಷ್ಟೇಕೆ, ಇರುವೆಯನ್ನು ಎಲೆಗೆ ಕಚ್ಚಿಸಿ ಸಾಯಿಸುವ ಆ ಹೆಸರಾಂತ ಶಿಲೀಂಧ್ರವನ್ನು 2017ರಲ್ಲಿ ಸೂಕ್ಷ್ಮವಾಗಿ ನೋಡಿದಾಗ ಅದರ ಎಳೆಗಳು ಸ್ನಾಯುಗಳ ಸುತ್ತ ಬಲೆ ಹೆಣೆದಿದ್ದವು. ಮಿದುಳಿನೊಳಗೆ ಕಾಲಿಟ್ಟಿರಲಿಲ್ಲ.

ಮಿದುಳು ಮುಟ್ಟದೆಯೂ ಆಡಿಸಬಹುದು. ಅದಕ್ಕೆ ನನಗೆ ಇಷ್ಟವಾದ ಉದಾಹರಣೆ ನಾರುಹುಣ್ಣು. ಹಿರಿಯರಿಗೆ ನೆನಪಿರುತ್ತೆ, ಒಂದು ಕಾಲಕ್ಕೆ ಕರ್ನಾಟಕದಲ್ಲೂ ಇತ್ತು. ಹೆಣ್ಣು ಹುಳು ಕಾಲಿನ ಚರ್ಮದ ಕೆಳಗೆ ಬಂದು ಗುಳ್ಳೆ ಎಬ್ಬಿಸುತ್ತೆ. ಬೆಂಕಿ ಇಟ್ಟ ಹಾಗೆ ಉರಿ. ಉರಿ ತಾಳದೆ ಮನುಷ್ಯ ಏನು ಮಾಡ್ತಾನೆ? ಬಾವಿಯ ಮೆಟ್ಟಿಲಿಳಿದು ಕಾಲನ್ನು ನೀರಿಗೆ ಬಿಡ್ತಾನೆ. ಅದೇ ಕ್ಷಣ ಹುಳು ತನ್ನ ಮರಿಗಳನ್ನು ಸಾವಿರಗಟ್ಟಲೆ ಆ ನೀರಿಗೆ ಬಿಡುತ್ತೆ. ನೀರಿನ ಸಣ್ಣ ಜೀವಿಗಳು ಅವನ್ನು ನುಂಗುತ್ತವೆ, ಆ ನೀರನ್ನು ಊರು ಕುಡಿಯುತ್ತೆ. ಒಂದು ಉರಿ, ಅಷ್ಟೇ. ಮಿಕ್ಕಿದ್ದನ್ನು ನಮ್ಮ ಸಹಜ ಬುದ್ಧಿಯೇ ಮಾಡಿಕೊಡುತ್ತೆ.

ನಿಮ್ಮ ಜೀವಿಗೂ ಹಾಗೆ ಒಂದೇ ಒಂದು ಲಕ್ಷಣ ಕೊಡಿ. ಕೊಬ್ಬು ಕರಗಿದ ದೇಹ ತಾನಾಗಿಯೇ ಹಸಿಯುತ್ತೆ, ಅದೂ ಎಣ್ಣೆ, ತುಪ್ಪದ್ದೇ ಆಸೆ ಅಂತ ಇಟ್ಟುಕೊಳ್ಳಿ. ಯಾರೂ ಆಡಿಸಬೇಕಿಲ್ಲ. ಸೊರಗಿದ ಅಜ್ಜಿಗೆ ಮನೆಯವರು ಏನು ಮಾಡ್ತಾರೆ? "ತುಪ್ಪ ಜಾಸ್ತಿ ಹಾಕ್ಕೋ" ಅಂತಾರೆ. ಮೈಗೆ ಎಣ್ಣೆ ತಿಕ್ಕುತ್ತಾರೆ. ಇಲ್ಲಿ ಮಲಸೀಜಿಯಾ ಅನ್ನೋ ಬೂಷ್ಟನ್ನು ನೆನಪಿಸಿಕೊಳ್ಳಿ, ತಲೆಹೊಟ್ಟಿಗೆ ಕಾರಣವಾಗುವುದು. ಅದಕ್ಕೆ ಸ್ವಂತವಾಗಿ ಕೊಬ್ಬಿನಾಮ್ಲ ಮಾಡಿಕೊಳ್ಳೋಕೆ ಬರೋದಿಲ್ಲ, ನಮ್ಮ ಚರ್ಮದ ಜಿಡ್ಡನ್ನೇ ತಿಂದು ಬದುಕುತ್ತೆ. ನಿಮ್ಮದೂ ಒಳಗಿನ ಕೊಬ್ಬಿನಿಂದ ಚರ್ಮದ ಜಿಡ್ಡಿಗೆ, ಅಲ್ಲಿಂದ ಎಣ್ಣೆ ಹಚ್ಚಿದ ತಲೆಗೆ, ಬಾಚಣಿಗೆಗೆ, ತಲೆದಿಂಬಿಗೆ ಬರಲಿ. ಒಂದೇ ಮನೆಯವರಿಗೆ ಬೇಗ, ಪಕ್ಕದ ಮನೆಗೆ ನಿಧಾನವಾಗಿ. ಹಸಿ ಹಾಲಿನ ದಾರಿಯನ್ನೂ ಇಟ್ಟುಕೊಳ್ಳಬಹುದು. ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ನೆಂಟನೊಬ್ಬ ಯುರೋಪಿನಲ್ಲಿ ಕಾಯಿಸದ ಆಡಿನ ಹಾಲಿನಿಂದಲೂ ಜನಕ್ಕೆ ಬರುತ್ತಾನೆ. ಮನುಷ್ಯನಿಗೆ ಮೊದಲು ತಗುಲೋದು? ದೀಪದ ಕೆಳಗೆ ಮುಚ್ಚಳ ತೆಗೆದಿಟ್ಟ ಮಜ್ಜಿಗೆಯ ಪಾತ್ರೆಗೆ ಬಿದ್ದ ಒಂದು ಹಾತೆ ಸಾಕು.

ಎಷ್ಟು ಬೇಗ ಕೊಲ್ಲಬೇಕು ಅನ್ನೋದನ್ನೂ ಯೋಚಿಸಿ. 1950ರಲ್ಲಿ ಆಸ್ಟ್ರೇಲಿಯಾದವರು ಮೊಲದ ಕಾಟ ತಡೆಯೋಕೆ ಮಿಕ್ಸೋಮಾ ವೈರಸ್ ಬಿಟ್ಟರು. ಶುರುವಿನಲ್ಲಿ ತಗುಲಿದ 100 ಮೊಲದಲ್ಲಿ 99ಕ್ಕೂ ಜಾಸ್ತಿ ಸತ್ತವು. ಕೆಲವೇ ವರ್ಷದಲ್ಲಿ ಅಷ್ಟು ಉಗ್ರವಲ್ಲದ ತಳಿಗಳು ಮೇಲುಗೈ ಪಡೆದವು. ಬೇಗ ಸತ್ತ ಮೊಲವನ್ನು ಸೊಳ್ಳೆ ಕಚ್ಚೋಕೆ ಸಮಯವೇ ಸಿಗೋದಿಲ್ಲ, ಅದಕ್ಕೆ. ಉಗ್ರವಾಗಿಯೇ ಉಳಿದ ರೋಗಗಳೂ ಇವೆ, ಇದನ್ನು ನಿಯಮ ಅಂತ ತಿಳಿಯಬೇಡಿ. ಆದರೆ ಬಾಚಣಿಗೆಯಿಂದ ಹರಡುವ ನಿಮ್ಮ ಜೀವಿಗೆ ಆತಿಥೇಯ ತಿಂಗಳುಗಟ್ಟಲೆ ಓಡಾಡಿಕೊಂಡಿರಬೇಕು, ಮದುವೆ ಮನೆಗೆ ಹೋಗಬೇಕು, ಶಿವಮೊಗ್ಗದ ಬಸ್ಸಿನಲ್ಲಿ ಸೀಟಿಗೆ ತಲೆಯಾನಿಸಿ ನಿದ್ದೆ ಮಾಡಬೇಕು. ಹಾತೆ ಸಾಮಾನ್ಯವಾಗಿ ಕೆಲವು ನೂರು ಮೀಟರು ಹಾರುತ್ತೆ, ಹಕ್ಕಿ ಒಂದಷ್ಟು ಕಿಲೋಮೀಟರು, ಬಸ್ಸು ಜಿಲ್ಲೆ ದಾಟುತ್ತೆ. ಹಾಗಾಗಿ ಕಾಡಿನಲ್ಲಿ ಅದು ಮಳೆಗಾಲದಿಂದ ಮಳೆಗಾಲಕ್ಕೆ ತೆವಳಲಿ, ಊರಿನಲ್ಲಿ ಮಾತ್ರ ಒಮ್ಮೊಮ್ಮೆ ದೂರಕ್ಕೆ ನೆಗೆಯಲಿ. ಕಾದಂಬರಿ ಒಂದು ವಾರದ ಬದಲು ನಾಲ್ಕು ಮಳೆಗಾಲದ್ದಾಗಲಿ. ನನ್ನ ಕೇಳಿದರೆ ಅದೇ ಹೆಚ್ಚು ಹೆದರಿಸುತ್ತೆ.

ಬೇಸಿಗೆಯಲ್ಲಿ ಅದು ಎಲ್ಲಿರುತ್ತೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ರಾಣಿಯಲ್ಲಿ. ಒರಲೆ ರಾಣಿ ಹತ್ತು ವರ್ಷಕ್ಕೂ ಜಾಸ್ತಿ ಬದುಕಬಲ್ಲಳು, ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತಾಳೆ. ವೊಲ್ಬಾಕಿಯಾ ಅನ್ನೋ ಬ್ಯಾಕ್ಟೀರಿಯಾ ಎಷ್ಟೋ ಕೀಟಗಳಲ್ಲಿ ತಾಯಿಯ ಮೊಟ್ಟೆಯೊಳಗೇ ಕೂತು ಮುಂದಿನ ತಲೆಮಾರಿಗೆ ದಾಟುತ್ತೆ. ನಿಮ್ಮದೂ ಹಾಗೆ ಮಾಡಿದರೆ ಒಂದು ಹುತ್ತ ಅಂದರೆ ಹತ್ತು ವರ್ಷದ ಠೇವಣಿ. ಹುತ್ತ ಅಗೆಯೋಣ ಅಂದರೆ ಊರಿನವರು ಬಿಡ್ತಾರಾ? ಅದು ನಾಗನ ಜಾಗ. ಶ್ರಾವಣದಲ್ಲಿ ನಾಗರಪಂಚಮಿಗೆ ಊರೆಲ್ಲ ಬಂದು ಅದೇ ಹುತ್ತಕ್ಕೆ ಹಾಲೆರೆಯುತ್ತೆ. ಕೊಬ್ಬು ತಿನ್ನುವ ಜೀವಿಗೆ ಬಾಗಿಲಿಗೇ ಊಟ! ಈ ದೃಶ್ಯವನ್ನು ಮಾತ್ರ ಬಿಡಬೇಡಿ. ಆದರೆ ಭಕ್ತರನ್ನು ಮೂರ್ಖರನ್ನಾಗಿ ತೋರಿಸಬೇಡಿ, ಅದು ಸುಲಭದ ಕೆಲಸ. ಹುತ್ತ ಅಗೆಯೋಣ ಅಂತ ಬಂದ ಅಧಿಕಾರಿಯೂ, ಬೇಡ ಅನ್ನುವ ಪೂಜಾರಿಯೂ ಇಬ್ಬರೂ ಸ್ವಲ್ಪ ಸರಿ ಇರಲಿ.

ಕೊನೆಗೆ ನಿಲ್ಲಿಸೋದು ಹೇಗೆ? ಲ್ಯಾಬಿನಲ್ಲಿ ರಾತ್ರೋರಾತ್ರಿ ಔಷಧ ಕಂಡುಹಿಡಿಯೋ ವಿಜ್ಞಾನಿ ಬೇಡ. ನಾರುಹುಣ್ಣಿಗೆ ಇವತ್ತಿಗೂ ಔಷಧ ಇಲ್ಲ, ಲಸಿಕೆ ಇಲ್ಲ. ಆದರೂ 2000ದಲ್ಲಿ ಭಾರತ ಅದರಿಂದ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನೀರನ್ನು ಬಟ್ಟೆಯಲ್ಲಿ ಸೋಸಿದರು, ಹುಣ್ಣಿದ್ದವರನ್ನು ನೀರಿಗೆ ಇಳಿಯದಂತೆ ನೋಡಿಕೊಂಡರು, ಮೆಟ್ಟಿಲು ಬಾವಿಗಳ ಬದಲು ಬೋರ್‌ವೆಲ್ ತಂದರು. ದಾರಿ ಕಡಿದರು, ಹುಳು ಹೋಯಿತು.

ನಿಮ್ಮ ಊರಿನವರೂ ಹಾಗೇ ಮಾಡಲಿ. ಮೊದಲ ಮಳೆಯ ಸಂಜೆಗಳಲ್ಲಿ ಎಲ್ಲ ಮನೆಯ ದೀಪ ಆರಿಸೋದು, ಪಾತ್ರೆ ಮುಚ್ಚಿಡೋದು, ಬೆಳಿಗ್ಗೆ ಅಂಗಳ ಗುಡಿಸಿ ಸುಡೋ ತನಕ ಕೋಳಿಗಳನ್ನು ಗೂಡಿನಿಂದ ಬಿಡದೇ ಇರೋದು. ಕಾಡಿನ ಹುತ್ತಗಳಲ್ಲಿ ಅದು ಇದ್ದೇ ಇರುತ್ತೆ, ಊರಿಗೆ ಬರೋದು ತಪ್ಪುತ್ತೆ. ಹಿಂದಿನ ಮಲೆನಾಡಾಗಿದ್ದರೆ ಇಷ್ಟೂ ಬೇಕಿರಲಿಲ್ಲ, ಮೊದಲ ಮಳೆಗೇ ಕರೆಂಟು ಹೋಗಿ ನಾಲ್ಕು ದಿನ ಬರ್ತಿರಲಿಲ್ಲ. ಈಗ ಮನೆಮನೆಯಲ್ಲೂ ಇನ್ವರ್ಟರ್ ಇದೆ, ಬಸ್ ಸ್ಟಾಪಿನಲ್ಲಿ ತಾನಾಗಿಯೇ ಹೊತ್ತಿಕೊಳ್ಳುವ ಸೋಲಾರ್ ದೀಪ ಇದೆ. ಅದನ್ನು ಆರಿಸೋಕೆ ಸ್ವಿಚ್ ಎಲ್ಲಿದೆ ಅಂತ ಪಂಚಾಯಿತಿಯಲ್ಲಿ ಯಾರಿಗೂ ಗೊತ್ತಿರೋದಿಲ್ಲ. ನಿಮ್ಮ ಎರಡನೇ ಮಳೆಗಾಲ ಅಲ್ಲಿಂದ ಶುರುವಾಗಬಹುದು.